ಸ್ವಲ್ಪ ಸಣ್ಣಗಾದ ಮೇಲೆ ಜಿಮ್‌ಗೆ ಸೇರಲಾ?

ಪ್ರಶ್ನೆ: ಜಿಮ್‌ಗೆ ಸೇರಬೇಕು ಅಂತ ತುಂಬ ದಿನದಿಂದ ಆಸೆ ಇದೆ. ಬಾಗಿಲವರೆಗೂ ಹೋಗಿ ವಾಪಸ್ ಬಂದದ್ದೂ ಇದೆ. ಒಳಗಿರುವವರೆಲ್ಲ ಗಟ್ಟಿಮುಟ್ಟಾಗಿದ್ದಾರೆ, ನನ್ನ ಹೊಟ್ಟೆ, ತೊಡೆ ನೋಡಿ ಏನಂದುಕೊಳ್ಳುತ್ತಾರೋ ಅನ್ನುವ ಮುಜುಗರ. ಮೊದಲು ಮನೆಯಲ್ಲೇ ಸ್ವಲ್ಪ ತೂಕ ಇಳಿಸಿಕೊಂಡು ಆಮೇಲೆ ಸೇರಿದರೆ ಆಗದೇ?

ಬೇಡ. ಈಗಲೇ ಸೇರಿ.

ಇದೇ ಉತ್ತರವನ್ನು ಎಷ್ಟೋ ಜನಕ್ಕೆ ಎಷ್ಟೋ ಸಲ ಕೊಟ್ಟಿದ್ದೇನೆ, ಪ್ರಶ್ನೆ ಮಾತ್ರ ನಿಲ್ಲುತ್ತಿಲ್ಲ. ದಪ್ಪಗಿರುವವರು ‘ಸ್ವಲ್ಪ ಇಳಿಸ್ಕೊಂಡು ಬರ್ತೀನಿ’ ಅನ್ನುತ್ತಾರೆ. ತೀರಾ ತೆಳ್ಳಗಿರುವವರು ‘ಸ್ವಲ್ಪ ಮೈ ತುಂಬಿಕೊಳ್ಳಲಿ’ ಅನ್ನುತ್ತಾರೆ. ಮಗು ಹೆತ್ತವರು ‘ಹೊಟ್ಟೆ ಒಂದಿಷ್ಟು ಒಳಗೆ ಹೋಗಲಿ’ ಅನ್ನುತ್ತಾರೆ. ಐವತ್ತು ದಾಟಿದವರು ‘ಮೊದಲು ವಾಕಿಂಗ್ ಮಾಡಿ ತಯಾರಾಗ್ತೀನಿ’ ಅನ್ನುತ್ತಾರೆ. ಜಿಮ್ ಯಾರಿಗೆ ಹೆಚ್ಚು ಬೇಕೋ ಅವರೇ ಅದಕ್ಕೆ ಅರ್ಹತೆ ಗಳಿಸುವುದಕ್ಕೆಂದು ಹೊರಗೆ ಕಾಯುತ್ತಿದ್ದಾರೆ. ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ ಅನ್ನುವ ಗಾದೆ ಇಲ್ಲಿಗೆ ಸರಿಯಾಗಿ ಹೊಂದುತ್ತದೆ.

‘ಎಲ್ಲರೂ ನನ್ನನ್ನೇ ನೋಡುತ್ತಾರೆ’ ಅನ್ನುವುದನ್ನು ಮೊದಲು ಮುಗಿಸಿಬಿಡೋಣ. ಮನಶ್ಶಾಸ್ತ್ರಜ್ಞ ಥಾಮಸ್ ಗಿಲೊವಿಚ್ ಮತ್ತು ಸಂಗಡಿಗರು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಮೇಲೆ ನಡೆಸಿ 2000ದಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಹಾಕಿಕೊಳ್ಳಲು ನಾಚಿಕೆಯಾಗುವಂಥ ಟೀ ಶರ್ಟನ್ನು ಒಬ್ಬರಿಗೆ ತೊಡಿಸಿ, ಉಳಿದವರು ಕೂತಿದ್ದ ಕೋಣೆಯೊಳಗೆ ಕಳಿಸುತ್ತಿದ್ದರು. ಎಷ್ಟು ಜನ ಗಮನಿಸಿರಬಹುದು ಅಂತ ಕೇಳಿದರೆ, ತೊಟ್ಟವರ ಅಂದಾಜು ಸುಮಾರು ಅರ್ಧದಷ್ಟು. ಶರ್ಟಿನ ಮೇಲೆ ಯಾರ ಚಿತ್ರವಿತ್ತು ಅಂತ ನಿಜವಾಗಿ ಹೇಳಲು ಆದದ್ದು ಸುಮಾರು ಕಾಲು ಭಾಗದ ಜನಕ್ಕೆ. ಸುಮ್ಮನೆ ಕೂತವರೇ ಅಷ್ಟು ಕಡಿಮೆ ಗಮನಿಸುತ್ತಾರೆ. ಜಿಮ್‌ನಲ್ಲಿರುವವರು ಸುಮ್ಮನೆ ಕೂಡ ಕೂತಿರುವುದಿಲ್ಲ. ಒಂದು ಸೆಟ್, ಅಂದರೆ ಬಿಡುವಿಲ್ಲದೆ ಒಂದಿಷ್ಟು ಸಲ ಎತ್ತುವ ಒಂದು ಸುತ್ತು, ಮುಗಿಸಿದವರು ಒಂದೆರಡು ನಿಮಿಷ, ಭಾರ ಹೆಚ್ಚಿದ್ದರೆ ಮೂರು ನಿಮಿಷವೂ, ಉಸಿರು ಸುಧಾರಿಸಿಕೊಳ್ಳುತ್ತಾರೆ. ಆಗ ಕಣ್ಣು ಎಲ್ಲಾದರೂ ಒಂದು ಕಡೆ ನಿಂತಿರಬೇಕಲ್ಲ, ಎದುರಿಗೆ ನೀವಿದ್ದರೆ ನಿಮ್ಮ ಕಡೆಗೇ ನಿಂತಿರುತ್ತದೆ. ತಲೆಯಲ್ಲಿ ಓಡುತ್ತಿರುವುದು ಮುಂದಿನ ಸೆಟ್ಟಿನ ಲೆಕ್ಕ. ಬೇಕೆಂದೇ ನೋಡುವವರು, ಪಿಸುಗುಡುವವರು ಒಬ್ಬಿಬ್ಬರು ಸಿಕ್ಕಬಹುದು, ಇಲ್ಲವೆಂದು ನಾನು ಹೇಳುವುದಿಲ್ಲ. ಅಂಥವರ ಬಗ್ಗೆ ಜಿಮ್ ನಡೆಸುವವರಿಗೆ ಹೇಳಿ. ಅವರು ಕಿವಿಗೆ ಹಾಕಿಕೊಳ್ಳದಿದ್ದರೆ ಜಿಮ್ ಬದಲಿಸಿ.

ಈಗ ನಿಮ್ಮ ಪ್ರಶ್ನೆಯ ಕೊನೆಯ ವಾಕ್ಯಕ್ಕೆ ಬರುತ್ತೇನೆ. ‘ಮೊದಲು ತೂಕ ಇಳಿಸಿ ಆಮೇಲೆ ಜಿಮ್’ ಅನ್ನುವ ನಂಬಿಕೆಯಷ್ಟು ಜನರ ವರ್ಷಗಳನ್ನು ನುಂಗಿದ್ದು ಈ ಕ್ಷೇತ್ರದಲ್ಲಿ ಇನ್ನೊಂದಿಲ್ಲ. ಇದನ್ನು ಬುಡಸಮೇತ ಕೀಳಬೇಕು.

ಮೊದಲನೆಯದಾಗಿ, ಮನೆಯಲ್ಲಿ ‘ಇಳಿಸಿಕೊಳ್ಳುವುದು’ ಅಂದರೆ ಹೆಚ್ಚಿನವರ ಮಟ್ಟಿಗೆ ಊಟ ಬಿಡುವುದು. ಬರೀ ಊಟ ಕಡಿಮೆ ಮಾಡಿ ಇಳಿಸಿದ ತೂಕದಲ್ಲಿ ಕೊಬ್ಬು ಮಾತ್ರ ಇರುವುದಿಲ್ಲ. ಸಾಮಾನ್ಯವಾಗಿ ಕಾಲು ಭಾಗದ ಆಸುಪಾಸು ಸ್ನಾಯು ಮುಂತಾದ ಕೊಬ್ಬಲ್ಲದ ಅಂಶ ಹೋಗಿರುತ್ತದೆ. ಆ ನಷ್ಟವನ್ನು ತಡೆಯುವ ಅತ್ಯುತ್ತಮ ಉಪಾಯ ಭಾರ ಎತ್ತುವ ವ್ಯಾಯಾಮ. ಅಂದರೆ ತೂಕ ಇಳಿಸುವ ಕಾಲದಲ್ಲೇ ಜಿಮ್ ಹೆಚ್ಚು ಬೇಕು, ನೀವು ಅದನ್ನೇ ಮುಂದಕ್ಕೆ ಹಾಕುತ್ತಿದ್ದೀರಿ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಮಾರ್ಗಸೂಚಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಪ್ರಮಾಣದ ಶ್ರಮ ಹೇಳುತ್ತದೆ, ಜೊತೆಗೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ. ಇಷ್ಟು ಕಿಲೋಗಿಂತ ಕಡಿಮೆ ಇದ್ದವರಿಗೆ ಮಾತ್ರ ಅಂತ ಅದರಲ್ಲಿ ಎಲ್ಲೂ ಇಲ್ಲ.

ಎರಡನೆಯದು ಇದಕ್ಕಿಂತ ದೊಡ್ಡದು. ತೂಕ ಇಳಿದರೆ ಮುಜುಗರವೂ ಇಳಿಯುತ್ತದೆ ಅಂತ ನೀವು ನಂಬಿದ್ದೀರಿ. ನಾನು ನೋಡಿದ ಮಟ್ಟಿಗೆ ಹಾಗಾಗುವುದಿಲ್ಲ. ಇಳಿಸಿಕೊಂಡು ಬಂದವರು ‘ಇನ್ನೈದು ಕಿಲೋ ಹೋಗಿದ್ದರೆ ಚೆನ್ನಾಗಿತ್ತು’ ಅನ್ನುತ್ತಲೇ ಬರುತ್ತಾರೆ. ಹೊಟ್ಟೆ ಹೋದರೆ ಸಡಿಲವಾದ ಚರ್ಮ, ಅದು ಸರಿಯಾದರೆ ತೋಳು. ನಮ್ಮ ಮೈಯನ್ನು ಬೇರೆಯವರು ತೂಗುತ್ತಿದ್ದಾರೆ ಅನ್ನುವ ಈ ಅಳುಕನ್ನು ಅಳೆಯಲು ಹಾರ್ಟ್, ಲಿಯರಿ, ರೆಜೆಸ್ಕಿ ಎಂಬ ಮೂವರು ಸಂಶೋಧಕರು 1989ರಲ್ಲಿ 12 ಹೇಳಿಕೆಗಳ ಪಟ್ಟಿಯೊಂದನ್ನು ಮಾಡಿದರು. ಅದರಲ್ಲಿ ನಿಮ್ಮ ತೂಕ ಎಷ್ಟು ಅಂತ ಕೇಳುವುದೇ ಇಲ್ಲ. ಮೈ ಬಗ್ಗೆ, ನೋಡುವವರ ಬಗ್ಗೆ ನಿಮ್ಮ ಮನಸ್ಸು ಏನು ಹೇಳುತ್ತದೆ ಅನ್ನುವುದಷ್ಟೇ ಅಲ್ಲಿ ಲೆಕ್ಕ.

ನೀವು ಯಾರನ್ನು ನೋಡಿ ಹೆದರಿ ಬಾಗಿಲಿಂದ ಹಿಂದಿರುಗಿದಿರೋ, ಆ ಗಟ್ಟಿಮುಟ್ಟಾದವರ ಕಥೆಯನ್ನೂ ಕೇಳಿ. 1997ರಲ್ಲಿ ಮನೋವೈದ್ಯ ಹ್ಯಾರಿಸನ್ ಪೋಪ್ ಮತ್ತು ಸಂಗಡಿಗರು ಒಂದು ತೊಂದರೆಗೆ ಮಸಲ್ ಡಿಸ್ಮಾರ್ಫಿಯಾ ಅಂತ ಹೆಸರಿಟ್ಟು ವಿವರಿಸಿದರು. ಮೈತುಂಬ ಸ್ನಾಯು ಬೆಳೆಸಿಕೊಂಡವರಿಗೇ ತಾವು ಸಣಕಲು, ಪೀಚು ಅನ್ನಿಸುವುದು, ಅದನ್ನು ಮರೆಮಾಚಲು ದೊಗಳೆ ಬಟ್ಟೆ ತೊಡುವುದು, ಮೈ ಕಾಣುವ ಜಾಗಗಳಿಂದ ದೂರ ಉಳಿಯುವುದು. ಮೂಲೆಯಲ್ಲಿ ಸೆಕೆಯಲ್ಲೂ ತಲೆಗವಸಿರುವ ದಪ್ಪ ಮೇಲಂಗಿ (ಹೂಡಿ) ಬಿಚ್ಚದೆ ಭಾರ ಎತ್ತುತ್ತಿರುವವರು ಇದ್ದಾರಲ್ಲ, ಅವರಲ್ಲಿ ಕೆಲವರದು ಇದೇ ಸಂಕಟ ಆಗಿರಬಹುದು. ಒಳ್ಳೆಯ ಮೈ ಬಂದರೆ ನಾಚಿಕೆ ಹೋಗುವುದಾಗಿದ್ದರೆ ಮೊದಲು ಅವರದು ಹೋಗಬೇಕಿತ್ತು. (ದಿನದಲ್ಲಿ ಗಂಟೆಗಟ್ಟಲೆ ಇದೇ ಯೋಚನೆ, ಪದೇ ಪದೇ ಕನ್ನಡಿ, ಊಟ ತಿಂಡಿಗೂ ಭಯ ಅನ್ನುವ ಮಟ್ಟಕ್ಕೆ ಹೋಗಿದ್ದರೆ ಅದು ಟ್ರೈನರ್ ಕೈಲಿ ಬಗೆಹರಿಯುವ ವಿಷಯವಲ್ಲ. ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಿ. ತಡ ಮಾಡಬೇಡಿ.)

ಹಾಗಾದರೆ ಮುಜುಗರ ಹೋಗುವುದು ಯಾವುದರಿಂದ? ಕೆಲಸ ಗೊತ್ತಾಗುವುದರಿಂದ. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಹೊಸಬರು ‘ನನ್ನ ಮೈ ನೋಡಿ ನಾಚಿಕೆ’ ಅಂದಾಗ ಅದರಲ್ಲಿ ಮುಕ್ಕಾಲು ಪಾಲು ‘ಇಲ್ಲಿ ಏನು ಮಾಡಬೇಕೋ ಗೊತ್ತಿಲ್ಲ’ ಅನ್ನುವ ನಾಚಿಕೆ. ಎಲ್ಲಿ ನಿಲ್ಲಬೇಕು, ಯಾವುದನ್ನು ಮುಟ್ಟಬಹುದು, ಯಾರ ಸರದಿ, ಈ ಹಿಡಿಕೆ ಯಾಕೆ ಇದೆ, ಒಂದೂ ತಿಳಿಯದೆ ನಿಂತಾಗ ಕೈಕಾಲು ದೊಡ್ಡದಾದಂತೆ ಅನ್ನಿಸುತ್ತದೆ, ಎಲ್ಲ ತಪ್ಪೂ ಹೊಟ್ಟೆಯ ಮೇಲೆ ಬೀಳುತ್ತದೆ. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ 1977ರಲ್ಲೇ ಹೇಳಿದ್ದರು: ನನ್ನಿಂದ ಆಗುತ್ತದೆ ಅನ್ನುವ ನಂಬಿಕೆಗೆ ಎಲ್ಲಕ್ಕಿಂತ ಗಟ್ಟಿಯಾದ ಆಧಾರ, ಸ್ವತಃ ಮಾಡಿ ಗೆದ್ದ ಅನುಭವ. ಬೇರೆಯವರು ಬೆನ್ನು ತಟ್ಟಿ ಹೇಳುವ ಮಾತು ಅದಕ್ಕಿಂತ ಕೆಳಗಿನದು. ‘ನಿನ್ನ ಮೈಯನ್ನು ನೀನು ಪ್ರೀತಿಸು’ ಅನ್ನುವ ಉಪದೇಶದಿಂದ ಆಗದ್ದು ಒಂದು ಮಷೀನ್ ಸರಿಯಾಗಿ ಕಲಿಯುವುದರಿಂದ ಆಗುತ್ತದೆ.

ಒಂದನ್ನು ಹತ್ತಿರದಿಂದ ನೋಡೋಣ. ಕೂತು ಕಾಲು ಚಾಚುವ ಲೆಗ್ ಎಕ್ಸ್‌ಟೆನ್ಶನ್ ಮಷೀನ್ ಇದೆಯಲ್ಲ, ಅದರ ಪಕ್ಕದಲ್ಲಿ ಮಷೀನಿನ ತೋಳು ತಿರುಗುವ ಕೀಲು ಒಂದಿರುತ್ತದೆ. ನಿಮ್ಮ ಮಂಡಿಯ ಕೀಲು ಅದರ ನೇರಕ್ಕೆ ಬರಬೇಕು. ಬರದಿದ್ದರೆ ಬೆನ್ನಿನ ಒರಗನ್ನು ಹಿಂದೆ ಮುಂದೆ ಸರಿಸಿ, ಅದಕ್ಕೊಂದು ಪಿನ್ನೋ ಹಿಡಿಕೆಯೋ ಇರುತ್ತದೆ. ಕಾಲಿನ ಮೇಲೆ ಕೂರುವ ಮೆತ್ತೆ ಪಾದದ ಗಂಟಿಗಿಂತ ತುಸು ಮೇಲೆ ಇರಲಿ. ಒರಗು, ಮೆತ್ತೆ ಎರಡಕ್ಕೂ ಸಾಮಾನ್ಯವಾಗಿ ತೂತಿನ ಪಕ್ಕ ಅಂಕಿ ಬರೆದಿರುತ್ತದೆ. ಆ ಅಂಕಿಗಳನ್ನು, ಎತ್ತಿದ ಭಾರವನ್ನು ಫೋನಿನಲ್ಲಿ ಬರೆದಿಡಿ. ಮುಂದಿನ ಸಲ ಬಂದಾಗ ತಡಕಾಡದೆ ನೇರ ಹೋಗಿ, ಒರಗು ನಾಲ್ಕಕ್ಕೆ, ಮೆತ್ತೆ ಎರಡಕ್ಕೆ, ಭಾರದ ಪಟ್ಟಿಗೆ ಪಿನ್ ಚುಚ್ಚಿ ಶುರು. ಇಷ್ಟು ಗೊತ್ತಿರುವವರನ್ನು ಯಾರೂ ಹೊಸಬರು ಅಂದುಕೊಳ್ಳುವುದಿಲ್ಲ, ಅವರ ಸೊಂಟದ ಅಳತೆ ಎಷ್ಟೇ ಇರಲಿ.

ಭಾರ ಆರಿಸುವ ಆ ಪಿನ್ನಿನ ಬಗ್ಗೆಯೇ ಇನ್ನೊಂದು ಮಾತು. ಭಾರದ ಪಟ್ಟಿಗಳು ಒಂದರ ಮೇಲೊಂದು ಇರುತ್ತವೆ, ಪಿನ್ ಕೆಳಗಾದಷ್ಟೂ ಎತ್ತುವ ಭಾರ ಹೆಚ್ಚು. ಹಿಂದಿನವರು ಎಂಟನೆಯ ಪಟ್ಟಿಗೆ ಪಿನ್ ಚುಚ್ಚಿ ಹೋಗಿರುತ್ತಾರೆ. ಹೊಸಬರು ಅದನ್ನು ಎರಡಕ್ಕೆ ತಂದು ವ್ಯಾಯಾಮ ಮಾಡಿ, ಏಳುವಾಗ ಯಾರಿಗೂ ಕಾಣದ ಹಾಗೆ ಮತ್ತೆ ಎಂಟಕ್ಕೆ ಇಳಿಸಿ ಎದ್ದುಹೋಗುತ್ತಾರೆ. ಇದನ್ನು ಕಂಡಾಗಲೆಲ್ಲ ನನಗೆ ಕರುಳು ಚುರುಕ್ ಅನ್ನುತ್ತದೆ. ಎರಡರಲ್ಲೇ ಬಿಟ್ಟು ಬನ್ನಿ. ಅದು ನಿಮ್ಮ ದುಡಿಮೆಯ ಅಂಕಿ. ಮೊದಲ ಕೆಲವು ವಾರ ಶಕ್ತಿ ಹೆಚ್ಚುವುದು ಬಹುಪಾಲು ನರಮಂಡಲ ಕಲಿಯುವುದರಿಂದ, ಇರುವ ಸ್ನಾಯುವನ್ನೇ ಚೆನ್ನಾಗಿ ದುಡಿಸಿಕೊಳ್ಳುವುದನ್ನು ಅದು ಕಲಿಯುತ್ತದೆ. ಸ್ನಾಯು ಕಣ್ಣಿಗೆ ಕಾಣುವ ಹಾಗೆ ಬೆಳೆಯುವುದು ಆಮೇಲೆ. ಹಾಗಾಗಿ ಶುರುವಿನಲ್ಲಿ ಕನ್ನಡಿ ನೋಡಿ ನಿರಾಸೆಪಡಬೇಡಿ, ಪಿನ್ ಎಷ್ಟು ಕೆಳಗೆ ಇಳಿಯಿತು ಅನ್ನುವುದನ್ನು ನೋಡಿ. ಎರಡರಿಂದ ಮೂರಕ್ಕೆ ಬಂದ ದಿನ ನಿಮ್ಮ ಗಮನ ‘ಹೇಗೆ ಕಾಣುತ್ತೇನೆ’ ಅನ್ನುವುದರಿಂದ ‘ಏನು ಮಾಡಬಲ್ಲೆ’ ಅನ್ನುವ ಕಡೆಗೆ ತಾನಾಗಿ ಸರಿದಿರುತ್ತದೆ.

ಯಾವ ಹೊತ್ತಿಗೆ ಹೋಗಬೇಕು ಅಂತ ಕೇಳುವವರಿಗೆ: ಕಲಿಯುವಾಗ ಜನ ಕಡಿಮೆ ಇರುವ ಹೊತ್ತು, ಕಲಿತ ಮೇಲೆ ಯಾವ ಹೊತ್ತಾದರೂ ಸರಿ. ಇದು ಹೇಡಿತನವಲ್ಲ, ಇದಕ್ಕೆ ಕಾರಣವಿದೆ. ಮನಶ್ಶಾಸ್ತ್ರಜ್ಞ ರಾಬರ್ಟ್ ಝಾಯಾನ್ಸ್ 1965ರಲ್ಲಿ ವಿವರಿಸಿದ್ದು ಇದನ್ನೇ. ಸುತ್ತ ಜನರಿದ್ದರೆ ಚೆನ್ನಾಗಿ ರೂಢಿಯಾದ ಕೆಲಸ ಇನ್ನೂ ಚೆನ್ನಾಗಿ ಆಗುತ್ತದೆ, ಹೊಸ ಕೆಲಸ ಕೆಡುತ್ತದೆ. 1969ರಲ್ಲಿ ಅವರ ತಂಡ ಜಿರಲೆಗಳ ಮೇಲೂ ಇದನ್ನು ಪರೀಕ್ಷಿಸಿತು. ಬೇರೆ ಜಿರಲೆಗಳು ಪ್ರೇಕ್ಷಕರಾಗಿದ್ದಾಗ ನೇರ ದಾರಿಯಲ್ಲಿ ಜಿರಲೆ ವೇಗವಾಗಿ ಓಡಿತು, ತಿರುವಿರುವ ದಾರಿಯಲ್ಲಿ ನಿಧಾನವಾಯಿತು. ಜನರೆದುರು ನಿಮಗೆ ಸ್ಕ್ವಾಟ್ (ಮಂಡಿ ಮಡಿಸಿ ಕೆಳಗಿಳಿದು ಏಳುವ ವ್ಯಾಯಾಮ) ತಪ್ಪಿದರೆ ಅದು ನಿಮ್ಮ ದೌರ್ಬಲ್ಯವಲ್ಲ, ಇನ್ನೂ ರೂಢಿಯಾಗಿಲ್ಲ ಅಷ್ಟೇ. ಮೊದಲ ತಿಂಗಳು ನಾಲ್ಕು ವ್ಯಾಯಾಮ ಸಾಕು. ಕಾಲಿಗೊಂದು, ತಳ್ಳುವುದೊಂದು, ಎಳೆಯುವುದೊಂದು, ಸೊಂಟ ಬಗ್ಗಿಸಿ ಎತ್ತುವುದೊಂದು. ನಾಲ್ಕನ್ನೂ ಟ್ರೈನರ್ ಕೈಲಿ ಮಾಡಿ ತೋರಿಸಿಕೊಳ್ಳಿ, ಅವರೆದುರು ಮಾಡಿ ತಿದ್ದಿಸಿಕೊಳ್ಳಿ. ಕೇಳಲು ಸಂಕೋಚಪಡಬೇಡಿ, ಅವರ ಕೆಲಸವೇ ಅದು.

ಬಟ್ಟೆ ವಿಷಯ ಬೇಗ ಹೇಳುತ್ತೇನೆ. ಮುಚ್ಚಿಕೊಳ್ಳುವುದಕ್ಕೆಂದು ಎರಡು ಅಳತೆ ದೊಡ್ಡದು ಹಾಕಬೇಡಿ, ಅದು ಮಷೀನಿಗೆ ಸಿಕ್ಕಿಕೊಳ್ಳುತ್ತದೆ, ಬಗ್ಗಿದಾಗಲೆಲ್ಲ ಎಳೆದುಕೊಳ್ಳುವುದೇ ಕೆಲಸವಾಗುತ್ತದೆ. ತೊಡೆ ಒಂದಕ್ಕೊಂದು ಉಜ್ಜಿಕೊಳ್ಳುವವರು ಮೊಣಕಾಲಿನ ಹತ್ತಿರದವರೆಗೆ ಬರುವ, ಮೈಗಂಟುವ ಒಳಚಡ್ಡಿ ತೊಟ್ಟು ಮೇಲೆ ನಿಮಗಿಷ್ಟವಾದದ್ದನ್ನು ಹಾಕಿ. ಕೈ ಎತ್ತಿ, ಕೂತು, ಬಗ್ಗಿ ನೋಡಿ. ಬಟ್ಟೆ ಸರಿಪಡಿಸಿಕೊಳ್ಳುವ ಪ್ರಮೇಯ ಬರದಿದ್ದರೆ ಅದೇ ಸರಿಯಾದ ಬಟ್ಟೆ.

ಕನ್ನಡಿ ನೋಡಲು ಇಷ್ಟವಿಲ್ಲದಿದ್ದರೆ ಅದಕ್ಕೆ ಬೆನ್ನು ಹಾಕಿ. ಕೆನಡಾದ ಸಂಶೋಧಕಿ ಕ್ಯಾಥ್ಲೀನ್ ಮಾರ್ಟಿನ್ ಗಿನಿಸ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವ್ಯಾಯಾಮದ ರೂಢಿಯಿಲ್ಲದ ಮಹಿಳೆಯರು 20 ನಿಮಿಷ ಸೈಕಲ್ ತುಳಿದರು, ಕೆಲವರು ಕನ್ನಡಿ ಎದುರು, ಕೆಲವರು ಕನ್ನಡಿಯಿಲ್ಲದೆ. ಕನ್ನಡಿ ಎದುರು ತುಳಿದವರಿಗೆ ಆಮೇಲೆ ಮನಸ್ಸು ಅಷ್ಟು ಹಗುರಾಗಲಿಲ್ಲ, ತಮ್ಮ ಮೈ ಬಗ್ಗೆ ಮೊದಲಿಂದ ಚಿಂತೆ ಇಲ್ಲದವರಿಗೂ ಅದೇ ಅನುಭವ. ಭಂಗಿ ಸರಿಯಿದೆಯೇ ಅಂತ ತಿಳಿಯಲು ಕನ್ನಡಿ ಉಪಯೋಗಕ್ಕೆ ಬರುತ್ತದೆ ನಿಜ, ಆದರೆ ಟ್ರೆಡ್‌ಮಿಲ್ ಮೇಲೆ ನಡೆಯುವುದಕ್ಕೆ ಅದರ ಅಗತ್ಯವೇನೂ ಇಲ್ಲ.

ಇನ್ನು ಯಾರೂ ಕೇಳದ ಪ್ರಶ್ನೆ: ಜಿಮ್‌ನಲ್ಲಿ ಹಳಬರಾದವರು ಹೇಗಿರಬೇಕು? ನನಗೆ ಬರುವ ಪ್ರಶ್ನೆಗಳೆಲ್ಲ ಹೊಸಬರದ್ದೇ, ತಿದ್ದಿಕೊಳ್ಳಬೇಕಾದದ್ದು ಮಾತ್ರ ಹೊಸಬರಿಗಿಂತ ಹಳಬರಿಗೇ ಹೆಚ್ಚಿದೆ.

ಹೊಸಬರನ್ನು ಕಂಡ ಕೂಡಲೇ ‘ಸೂಪರ್, ಹೀಗೇ ಬನ್ನಿ, ಬೇಗ ಕರಗುತ್ತೆ’ ಅಂತ ಹುರಿದುಂಬಿಸಬೇಡಿ. ನೀವು ಒಳ್ಳೆಯ ಮನಸ್ಸಿನಿಂದಲೇ ಹೇಳಿರುತ್ತೀರಿ. ಕೇಳಿದವರಿಗೆ ಅದು ‘ನಿಮ್ಮ ದಪ್ಪ ನನ್ನ ಕಣ್ಣಿಗೆ ಬಿತ್ತು’ ಅಂತ ಕೇಳಿಸುತ್ತದೆ. ಅವರು ತೂಕ ಇಳಿಸಲೆಂದೇ ಬಂದಿದ್ದಾರೆ ಅಂತ ನಿಮಗೆ ಹೇಳಿದವರು ಯಾರು? ಮಂಡಿನೋವಿಗೆ ಬಂದಿರಬಹುದು, ನಿದ್ದೆಗೆ ಬಂದಿರಬಹುದು. ‘ಎಷ್ಟು ಕಿಲೋ ಇಳಿದ್ರಿ’ ಅಂತಲೂ ಕೇಳಬೇಡಿ. ನಿಮ್ಮ ವಿಡಿಯೋದಲ್ಲಿ ಹಿಂದೆ ಇನ್ನೊಬ್ಬರು ಬೀಳುತ್ತಿದ್ದರೆ ಕ್ಯಾಮೆರಾ ತಿರುಗಿಸಿ, ಇಲ್ಲವೇ ಅವರ ಅನುಮತಿ ಕೇಳಿ. ಮಷೀನ್ ಪಕ್ಕ ಯಾರಾದರೂ ಕಾಯುತ್ತಿದ್ದರೆ ‘ನಂದು ಇನ್ನೆರಡು ಸೆಟ್ ಇದೆ, ಮಧ್ಯೆ ನೀವೂ ಮಾಡಿ’ ಅನ್ನಿ. ಸೀಟು ಹೇಗೆ ಸರಿಸುವುದು ಅಂತ ಕೇಳಿದರೆ ಎದ್ದು ತೋರಿಸಿ. ಕೇಳದವರಿಗೆ ಪಾಠ ಹೇಳಲು ಹೋಗಬೇಡಿ. ಪೆಟ್ಟಾಗುವಂಥ ತಪ್ಪು ಕಂಡರೆ ಮಾತ್ರ ಟ್ರೈನರ್‌ ಕಿವಿಗೆ ಹಾಕಿ, ಅವರು ಬಂದು ತಿದ್ದಲಿ.