‘ಜೂನಿಯರ್’ ಅಂದರೆ ಬಾಲಕಿಯರಲ್ಲ

ಜೂನಿಯರ್ ಮಹಿಳಾ ಹಾಕಿ ವಿಶ್ವಕಪ್ ಬಂದಾಗಲೆಲ್ಲ ನಮ್ಮ ಕ್ರೀಡಾಪುಟಗಳಲ್ಲಿ, ವಾಟ್ಸ್ಆ್ಯಪ್ ಗುಂಪುಗಳಲ್ಲಿ ಅದೇ ಶೀರ್ಷಿಕೆ: ‘ಬಾಲಕಿಯರ ವಿಶ್ವಕಪ್’. ಕೆಲವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ ‘ಪುಟಾಣಿಯರ ಸಾಹಸ’ ಅನ್ನುತ್ತಾರೆ. 2025ರ ಡಿಸೆಂಬರ್‌ನಲ್ಲಿ ಚಿಲಿಯ ಸ್ಯಾಂಟಿಯಾಗೊದಲ್ಲಿ 24 ತಂಡಗಳು ಆಡಿದವು. ಅಲ್ಲಿ ಆಡಿದವರಲ್ಲಿ ಬಹಳಷ್ಟು ಮಂದಿ ಮತ ಹಾಕುವ ವಯಸ್ಸು ದಾಟಿದವರು. ಕೂಟದ ಅಧಿಕೃತ ಹೆಸರಿನಲ್ಲೂ ಇರುವುದು ‘ಮಹಿಳಾ’ ಎಂಬ ಪದವೇ.

ಗೊಂದಲದ ಬೇರು ‘ಜೂನಿಯರ್’ ಪದದಲ್ಲಿದೆ. ಲ್ಯಾಟಿನ್‌ನಲ್ಲಿ ‘ಯುವೆನಿಸ್’ ಅಂದರೆ ಯುವ, ತರುಣ. ಅದರ ತರತಮ ರೂಪ ‘ಯೂನಿಯೊರ್’, ಅಂದರೆ ‘ಇನ್ನೊಬ್ಬರಿಗಿಂತ ಚಿಕ್ಕವರು’. ಸಂಸ್ಕೃತದ ‘ಯುವನ್’ ಈ ‘ಯುವೆನಿಸ್’ನ ಒಡಹುಟ್ಟು. ಯುವನ್‌ಗೂ ಹಾಗೆಯೇ ತರತಮ ರೂಪಗಳಿವೆ: ಯವೀಯಾನ್, ಯವಿಷ್ಠ. ಇವುಗಳ ಬದಲು ಕನೀಯಾನ್, ಕನಿಷ್ಠ ಎಂದೂ ಆಗಬಹುದೆಂದು ಪಾಣಿನಿಯೇ ಸೂತ್ರ ಬರೆದಿದ್ದಾನೆ. ನಾವು ‘ಕನಿಷ್ಠ ಕೂಲಿ’ ಅನ್ನುವಾಗಿನ ಕನಿಷ್ಠ ಅದೇ. ‘ಸೀನಿಯರ್’ ಕಥೆಯೂ ಇಂಥದ್ದೇ. ಲ್ಯಾಟಿನ್‌ನ ‘ಸೆನೆಕ್ಸ್’ ಅಂದರೆ ಮುದುಕ, ಸಂಸ್ಕೃತದ ‘ಸನ’ ಅಂದರೆ ಹಳೆಯದು. ಎರಡೂ ಒಂದೇ ಬೇರಿನವು.

ಇಷ್ಟು ದೂರ ಹೋಗಲು ಕಾರಣವಿದೆ. ‘ಜೂನಿಯರ್’ ಹೋಲಿಕೆಯ ಪದ. ಯಾರಿಗಿಂತ ಚಿಕ್ಕವರು ಎಂದು ಹೇಳುತ್ತದೆಯೇ ಹೊರತು ಎಷ್ಟು ವರ್ಷ ಎಂದು ಹೇಳುವುದಿಲ್ಲ. ಇದು ಕನ್ನಡಿಗರಿಗೆ ಗೊತ್ತಿಲ್ಲದ್ದೇನಲ್ಲ. ಸಿಟಿ ಸಿವಿಲ್ ಕೋರ್ಟಿನ ಜೂನಿಯರ್ ವಕೀಲರಿಗೆ ಮೂವತ್ತಾಗಿರಬಹುದು, ಜೂನಿಯರ್ ಎಂಜಿನಿಯರ್‌ಗೆ ನಿವೃತ್ತಿ ಹತ್ತಿರವಿರಬಹುದು. ಅವರನ್ನು ಯಾರೂ ಬಾಲಕರು ಅನ್ನುವುದಿಲ್ಲ. ಆಟದ ಮೈದಾನಕ್ಕೆ ಬಂದಕೂಡಲೇ, ಅದೂ ಆಡುವವರು ಹೆಣ್ಣುಮಕ್ಕಳಾದರೆ, ಈ ತಿಳಿವಳಿಕೆ ಎಲ್ಲಿ ಹೋಗುತ್ತದೋ. ‘ಕಿರಿಯ ಮಹಿಳೆಯರ’ ಎಂದು ಬರೆಯುವುದು ವ್ಯಾಕರಣದ ದೃಷ್ಟಿಯಿಂದ ಸರಿ, ಏಕೆಂದರೆ ‘ಕಿರಿಯ’ವೂ ಹೋಲಿಕೆಯ ಪದವೇ. ಆದರೆ ‘ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ’ ಎಂಬ ಬೋರ್ಡು ಓದಿ ಬೆಳೆದ ನಮಗೆ ಅದು ಐದನೇ ಕ್ಲಾಸಿನ ಮಗುವನ್ನೇ ಕಣ್ಣಮುಂದೆ ತರುತ್ತದೆ. ‘ಜೂನಿಯರ್ ಮಹಿಳಾ ವಿಶ್ವಕಪ್’ ಎಂದೇ ಬರೆದರೆ ತೊಂದರೆಯಿಲ್ಲ.

ಪದ ವಯಸ್ಸು ಹೇಳದ ಕಾರಣ ಪ್ರತಿ ಆಟವೂ ತನ್ನದೇ ಗೆರೆ ಎಳೆದುಕೊಂಡಿದೆ. ಟೆನಿಸ್ ಜೂನಿಯರ್‌ಗೆ 18, ಅಥ್ಲೆಟಿಕ್ಸ್‌ಗೆ 20, ಹಾಕಿಗೆ 21. ಕರ್ನಾಟಕದ ನಿಕಿ ಪ್ರಸಾದ್ ನಾಯಕತ್ವದಲ್ಲಿ 2025ರಲ್ಲಿ ಭಾರತ ಗೆದ್ದ ಕ್ರಿಕೆಟ್ ವಿಶ್ವಕಪ್ 19 ವರ್ಷದೊಳಗಿನವರದು. ಅದೇ ಲೆಕ್ಕವನ್ನು ಹಾಕಿಗೂ ಹಚ್ಚುವುದು ಇಲ್ಲಿನ ಮಾಮೂಲಿ ತಪ್ಪು. ‘ಯುವ’ ಅಥವಾ ‘ಯೂತ್’ ಮತ್ತೆ ಬೇರೆ. 2018ರ ಬ್ಯೂನಸ್ ಐರಿಸ್ ಯೂತ್ ಒಲಿಂಪಿಕ್ಸ್‌ನಲ್ಲಿ ಸಲೀಮಾ ಟೇಟೆ ನಾಯಕತ್ವದ ಭಾರತ ತಂಡ ಬೆಳ್ಳಿ ಗೆದ್ದದ್ದು 18 ವರ್ಷದೊಳಗಿನವರ ಐವರ ಹಾಕಿಯಲ್ಲಿ. ಅಲ್ಲಿ ‘ಬಾಲಕಿಯರ’ ಅಂದರೆ ಸರಿಯೇ.

ಇನ್ನು ಆ 21. ‘21 ವರ್ಷದೊಳಗಿನವರು’ ಎಂದು ಓದಿ, ತಂಡದ ಪಟ್ಟಿಯಲ್ಲಿ 21 ವರ್ಷದ ಆಟಗಾರ್ತಿಯ ಹೆಸರು ಕಂಡೊಡನೆ ‘ವಯಸ್ಸಿನ ಮೋಸ’ ಎಂದು ಬರೆದುಬಿಡುತ್ತಾರೆ. ದಯವಿಟ್ಟು ಮೊದಲು ಲೆಕ್ಕ ಮಾಡಿ. ವಯಸ್ಸನ್ನು ಅಳೆಯುವುದು ಪಂದ್ಯದ ದಿನಕ್ಕಲ್ಲ, ಕೂಟದ ಹಿಂದಿನ ವರ್ಷದ ಡಿಸೆಂಬರ್ 31ಕ್ಕೆ. ಆ ದಿನಕ್ಕೆ 21 ತುಂಬಿರಬಾರದು, ಅಷ್ಟೇ. ಸುಲಭದ ದಾರಿ ಅಂದರೆ ಕೂಟದ ವರ್ಷದಿಂದ 21 ಕಳೆಯುವುದು. ಬಂದ ವರ್ಷದ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರು ಅರ್ಹರು. 2025ಕ್ಕೆ ಅದು 2004ರ ಜನವರಿ 1. ಆ ದಿನ ಹುಟ್ಟಿದವಳಿಗೆ ಸ್ಯಾಂಟಿಯಾಗೊದಲ್ಲಿ 21 ವರ್ಷ 11 ತಿಂಗಳು, ಆದರೂ ಆಡಬಹುದು. ಒಂದೇ ಒಂದು ದಿನ ಮೊದಲು, 2003ರ ಡಿಸೆಂಬರ್ 31ಕ್ಕೆ ಹುಟ್ಟಿದವಳು ಮನೆಯಲ್ಲಿ.

ಕೂಟ ಮುಂದೂಡಿದರೆ? 2021ರ ಡಿಸೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾದ ಪೊಚೆಫ್‌ಸ್ಟ್ರೂಮ್‌ನಲ್ಲಿ ಆಗಬೇಕಿದ್ದ ವಿಶ್ವಕಪ್ ಓಮಿಕ್ರಾನ್ ಕಾರಣದಿಂದ 2022ರ ಏಪ್ರಿಲ್‌ಗೆ ಹೋಯಿತು. ಗೆರೆ ಮಾತ್ರ ಕದಲಲಿಲ್ಲ, 2000ದ ಜನವರಿ 1ರಲ್ಲೇ ಉಳಿಯಿತು. ಭಾರತದ ಆಟಗಾರ್ತಿ ಲಾಲ್ರೆಮ್‌ಸಿಯಾಮಿ ಹುಟ್ಟಿದ್ದು 2000ದ ಮಾರ್ಚ್ 30ರಂದು. ಹಾಗಾಗಿ ಟೋಕಿಯೊ ಒಲಿಂಪಿಕ್ಸ್ ಆಡಿ ಬಂದಿದ್ದ ಆಕೆ, 22 ತುಂಬಿದ ಮೇಲೂ ನಿಯಮಬದ್ಧವಾಗಿಯೇ ಜೂನಿಯರ್ ತಂಡದಲ್ಲಿದ್ದರು. ಭಾರತ ನಾಲ್ಕನೇ ಸ್ಥಾನ ಪಡೆದ ಕೂಟ ಅದು.

ಜೂನಿಯರ್ ಮುಗಿಸಿಯೇ ಸೀನಿಯರ್ ಎಂಬ ಮೆಟ್ಟಿಲೂ ಇಲ್ಲ. ರಾಣಿ ರಾಂಪಾಲ್ 15ನೇ ವಯಸ್ಸಿನಲ್ಲೇ, 2010ರಲ್ಲಿ, ಸೀನಿಯರ್ ವಿಶ್ವಕಪ್ ಆಡಿದರು. ಜೂನಿಯರ್ ವಿಶ್ವಕಪ್‌ನಲ್ಲಿ ಭಾರತಕ್ಕೆ ಮೊದಲ ಕಂಚು ಬಂದದ್ದು ಅದಾದ ಮೇಲೆ, 2013ರಲ್ಲಿ, ಜರ್ಮನಿಯ ಮೋನ್ಶೆನ್‌ಗ್ಲಾಡ್‌ಬಾಕ್‌ನಲ್ಲಿ. ಅಲ್ಲಿ ಶ್ರೇಷ್ಠ ಆಟಗಾರ್ತಿಯಾದದ್ದೂ ರಾಣಿಯೇ.

‘ಜೂನಿಯರ್’ ಅಂದರೆ ಹಗುರ ಆಟ ಎಂಬ ಊಹೆಯೂ ಇದೇ ಪದದ ಕಾಣಿಕೆ. ಮೈದಾನ 91.40 ಮೀಟರ್ ಉದ್ದ, 55 ಮೀಟರ್ ಅಗಲ. ಚೆಂಡು 156ರಿಂದ 163 ಗ್ರಾಂ. ತಲಾ 15 ನಿಮಿಷದ ನಾಲ್ಕು ಕ್ವಾರ್ಟರ್. ಸೀನಿಯರ್ ಆಟಕ್ಕಿಂತ ಒಂದೂ ಕಡಿಮೆಯಿಲ್ಲ. ಪೆನಾಲ್ಟಿ ಕಾರ್ನರ್ ನೋಡಿ, ಅಂದರೆ ಎದುರಾಳಿಯ ತಪ್ಪಿಗೆ ಸಿಗುವ, ಗೋಲಿನ ಪಕ್ಕದ ಗೆರೆಯಿಂದ ಚೆಂಡು ತಳ್ಳಿ ಶುರುಮಾಡುವ ಅವಕಾಶ. ಗೋಲಿನತ್ತ ಮೊದಲ ಹೊಡೆತ ‘ಹಿಟ್’ (ಸ್ಟಿಕ್ ಬೀಸಿ ಹೊಡೆದದ್ದು) ಆಗಿದ್ದರೆ ಚೆಂಡು ಗೋಲು ಗೆರೆ ದಾಟುವಾಗ 460 ಮಿಲಿಮೀಟರಿಗಿಂತ ಮೇಲಿರಬಾರದು. ಗೋಲಿನೊಳಗಿನ ಹಲಗೆಗೂ ಅಷ್ಟೇ ಎತ್ತರ, ಅದಕ್ಕೇ ಒಳ್ಳೆಯ ಹಿಟ್ ಹೋದರೆ ‘ಢಣ್’ ಎಂಬ ಸದ್ದು. ಚೆಂಡನ್ನು ಸ್ಟಿಕ್ಕಿನಿಂದ ಎಳೆದು ಚಿಮ್ಮಿಸುವ ಡ್ರ್ಯಾಗ್ ಫ್ಲಿಕ್‌ಗೆ ಈ ಮಿತಿಯಿಲ್ಲ, ಎದೆಯೆತ್ತರಕ್ಕೂ ಮುಖದೆತ್ತರಕ್ಕೂ ಬರುತ್ತದೆ. ಗೋಲಿನಿಂದ ಹೊರಗೋಡುವ ಡಿಫೆಂಡರ್‌ಗಳು ಮುಖಕ್ಕೆ ಮಾಸ್ಕ್ ಕಟ್ಟುವುದು ಅದಕ್ಕಾಗಿ. ಬೆಂಗಳೂರಿನ ಜ್ಞಾನಭಾರತಿಯ ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ) ಕೇಂದ್ರದಲ್ಲಿ ಜೂನಿಯರ್, ಸೀನಿಯರ್ ಎರಡೂ ಶಿಬಿರಗಳು ನಡೆಯುತ್ತವೆ. ಹಲಗೆಯ ಎತ್ತರ ಇಬ್ಬರಿಗೂ ಒಂದೇ.

ಮಗಳನ್ನು ಶಾಂತಿನಗರದ ಹಾಕಿ ಟರ್ಫಿಗೆ ಕರೆದೊಯ್ಯುವ ತಂದೆತಾಯಿಗೆ ಒಂದು ಮಾತು. ದೇಶದೊಳಗಿನ ‘ಜೂನಿಯರ್’, ‘ಸಬ್ ಜೂನಿಯರ್’ ಕೂಟಗಳ ಗೆರೆ ವಿಶ್ವಕಪ್ಪಿನದ್ದೇ ಆಗಿರಬೇಕೆಂದಿಲ್ಲ. ಸುತ್ತೋಲೆಯಲ್ಲಿ ಹೆಸರು ನೋಡಬೇಡಿ, ‘ಇಂಥ ದಿನ ಅಥವಾ ಆಮೇಲೆ ಹುಟ್ಟಿದವರು’ ಎಂಬ ಸಾಲು ಹುಡುಕಿ. ಜನನ ಪ್ರಮಾಣಪತ್ರ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಪಾಸ್‌ಪೋರ್ಟ್ ನಾಲ್ಕರಲ್ಲೂ ಒಂದೇ ಹುಟ್ಟಿದ ದಿನ ಇದೆಯೇ ಎಂದು ಆಯ್ಕೆ ಶಿಬಿರಕ್ಕೆ ಮೊದಲೇ ನೋಡಿಕೊಳ್ಳಿ. ಶಾಲೆಗೆ ಸೇರಿಸುವಾಗ ಅಂದಾಜಿನಲ್ಲಿ ಬರೆಸಿದ ತಾರೀಕು ಡಿಸೆಂಬರ್ ಕೊನೆಯಲ್ಲಿದ್ದು, ಆಸ್ಪತ್ರೆಯ ದಾಖಲೆ ಜನವರಿಯಲ್ಲಿದ್ದರೆ, ಆ ಕೆಲವೇ ದಿನಗಳಲ್ಲಿ ಒಂದು ಇಡೀ ವಿಶ್ವಕಪ್ ಕೈತಪ್ಪುತ್ತದೆ.