ಡ್ರಾಫ್ಟ್‌ಗೆ ಈಗಲೇ ಇಳಿಯಬೇಕೇ? ಎರಡನೇ ಒಪ್ಪಂದದಿಂದ ಲೆಕ್ಕ ಹಾಕಿ

ಅಮೆರಿಕದ ಫುಟ್‌ಬಾಲ್ ಎಂದರೆ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ ಆಟ, ನಮ್ಮ ಕಾಲ್ಚೆಂಡಲ್ಲ. ಅಲ್ಲಿನ ಕಾಲೇಜು ಆಟಗಾರ ಹೈಸ್ಕೂಲು ಮುಗಿಸಿ ಮೂರು ವರ್ಷವಾಗಿದ್ದರೆ, ಕಾಲೇಜಿನಲ್ಲಿ ಆಡುವ ಅವಕಾಶ ಬಾಕಿ ಇದ್ದರೂ ಅಲ್ಲಿನ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ಡ್ರಾಫ್ಟ್‌ಗೆ, ಅಂದರೆ ತಂಡಗಳು ಸುತ್ತು ಸುತ್ತಾಗಿ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಪ್ರಕ್ರಿಯೆಗೆ, ಹೆಸರು ಕೊಡಬಹುದು. ಗಡುವು ಸಾಮಾನ್ಯವಾಗಿ ಜನವರಿ ಮಧ್ಯಕ್ಕೆ. ಮೂರು ವರ್ಷದ ನಿಯಮವನ್ನು ಕಾಲೇಜು ಆಟಗಾರ ಮಾರಿಸ್ ಕ್ಲಾರೆಟ್ ಕೋರ್ಟಿನಲ್ಲಿ ಪ್ರಶ್ನಿಸಿದ್ದರು. 2004ರಲ್ಲಿ ಮೇಲ್ಮನವಿ ನ್ಯಾಯಾಲಯ ನಿಯಮವನ್ನೇ ಎತ್ತಿಹಿಡಿಯಿತು.

ಮೊದಲು ಕಾಲೇಜಿನ ಮೂಲಕ ಎನ್‌ಎಫ್‌ಎಲ್‌ನ ಸಲಹಾ ಸಮಿತಿಯ ಅಭಿಪ್ರಾಯ ತರಿಸಿಕೊಳ್ಳಬೇಕು. ಸಮಿತಿ ಕೊಡುವುದು ಮೂರೇ ಉತ್ತರ: ಮೊದಲ ಸುತ್ತು, ಎರಡನೇ ಸುತ್ತು, ಕಾಲೇಜಿನಲ್ಲೇ ಉಳಿ. ಎಡವುವುದು ಈ ಮೂರನೆಯದರಲ್ಲಿ. 'ಉಳಿ' ಎಂದರೆ ಮೂರನೇ ಸುತ್ತೂ ಆಗಬಹುದು, ಏಳನೆಯದೂ ಆಗಬಹುದು, ಯಾರೂ ಆರಿಸದೆಯೂ ಹೋಗಬಹುದು. ಆ ಖಾಲಿ ಜಾಗವನ್ನು 'ಮೂರನೇ ಸುತ್ತು ಗ್ಯಾರಂಟಿ' ಎಂದು ತುಂಬಿಸಲು ಏಜೆಂಟರು ಕಾದಿರುತ್ತಾರೆ. ಒಪ್ಪಂದದಲ್ಲಿ ಶೇ 3ರವರೆಗೆ ಅವರ ಪಾಲು ಎಂಬುದು ನೆನಪಿರಲಿ.

ಹೊಸಬರ ಸಂಬಳದಲ್ಲಿ ಈಗ ಚೌಕಾಸಿಗೆ ಹೆಚ್ಚು ಎಡೆಯಿಲ್ಲ. 2010ರಲ್ಲಿ ಮೊದಲಿಗರಾಗಿ ಆಯ್ಕೆಯಾದ ಸ್ಯಾಮ್ ಬ್ರಾಡ್‌ಫೋರ್ಡ್‌ಗೆ 5 ಕೋಟಿ ಡಾಲರ್ ಖಾತರಿಯಿತ್ತು. ಮರುವರ್ಷ ಸಂಬಳದ ಮಿತಿ ಬಂತು, ಅದೇ ಸ್ಥಾನದ ಕ್ಯಾಮ್ ನ್ಯೂಟನ್‌ಗೆ ಸಿಕ್ಕಿದ್ದು ಸುಮಾರು 2.2 ಕೋಟಿ. ಆಯ್ಕೆಯಾದವನ ಮೊದಲ ಒಪ್ಪಂದ ನಾಲ್ಕು ವರ್ಷದ್ದು. ಮೂರು ಋತು ಆಡುವವರೆಗೆ ಅದನ್ನು ತಿದ್ದುವಂತಿಲ್ಲ. ಹಾಗಾಗಿ ದೊಡ್ಡ ದುಡ್ಡು ಎರಡನೇ ಒಪ್ಪಂದದಲ್ಲಿ. ಒಂದು ವರ್ಷ ಮೊದಲು ಹೋದವನಿಗೆ ಅದೂ ಒಂದು ವರ್ಷ ಮೊದಲೇ ಕೈಗೆಟಕುತ್ತದೆ.

ಚೆಂಡು ಹಿಡಿದು ಓಡುತ್ತಾ ಪ್ರತಿ ಓಟಕ್ಕೂ ಹೊಡೆತ ತಿನ್ನುವ ರನ್ನಿಂಗ್ ಬ್ಯಾಕ್‌ಗೆ ಆ ಒಂದು ವರ್ಷವೇ ಬಂಡವಾಳ. ಎರಡನೇ ಸುತ್ತಿನ ಅಭಿಪ್ರಾಯ ಬಂದಿದ್ದರೆ ಆತ ಹೊರಡುವುದೇ ಸರಿ. ದಾಳಿಯನ್ನು ಮುನ್ನಡೆಸಿ ಚೆಂಡೆಸೆಯುವ ಕ್ವಾರ್ಟರ್‌ಬ್ಯಾಕ್‌ನ ಲೆಕ್ಕ ಬೇರೆ. ಜೋ ಬರೋ 2019ರಲ್ಲಿ ಉಳಿದು ಆಡಿ, ಮರುವರ್ಷ ಮೊದಲನೆಯವರಾಗಿ ಆಯ್ಕೆಯಾದರು. ಮೊದಲ ಸುತ್ತಿನ ನಿರೀಕ್ಷೆಯಿದ್ದ ಮ್ಯಾಟ್ ಬಾರ್ಕ್ಲಿಯೂ 2012ರಲ್ಲಿ ಉಳಿದರು. ಭುಜಕ್ಕೆ ಪೆಟ್ಟಾಗಿ 98ನೇ ಸ್ಥಾನಕ್ಕೆ ಜಾರಿದರು.

2021ರ ಜುಲೈನಿಂದ ಕಾಲೇಜು ಆಟಗಾರರು ಜಾಹೀರಾತು ಮುಂತಾದವಕ್ಕೆ ತಮ್ಮ ಹೆಸರು, ಮುಖ ಮಾರಿ ಗಳಿಸಬಹುದು. 2025ರಿಂದ ಕಾಲೇಜುಗಳೇ ನೇರವಾಗಿ ಕೊಡಬಹುದು. ಮೊದಲ ವರ್ಷಕ್ಕೆ ಎಲ್ಲ ಕ್ರೀಡೆ ಸೇರಿ ಒಂದು ಕಾಲೇಜಿಗೆ 2.05 ಕೋಟಿ ಡಾಲರ್ ಮಿತಿ. ಎನ್‌ಎಫ್‌ಎಲ್‌ನಲ್ಲಿ 2025ರ ಹೊಸಬನ ಕನಿಷ್ಠ ಸಂಬಳ 8.4 ಲಕ್ಷ ಡಾಲರ್, ಅದೂ ತಂಡದ 53 ಜನರ ಪಟ್ಟಿಯಲ್ಲಿ ಉಳಿದರೆ. ಆ ಪಟ್ಟಿಯ ಹೊರಗಿನ ಅಭ್ಯಾಸ ಬಳಗವಾದ ಪ್ರಾಕ್ಟೀಸ್ ಸ್ಕ್ವಾಡ್‌ಗೆ ಬಿದ್ದರೆ ವಾರಕ್ಕೆ 13,000 ಡಾಲರ್. 18 ವಾರಕ್ಕೆ 2.34 ಲಕ್ಷ. ದೊಡ್ಡ ಕಾಲೇಜಿನ ಕ್ವಾರ್ಟರ್‌ಬ್ಯಾಕ್‌ಗೆ ಕ್ಯಾಂಪಸ್ಸಿನಲ್ಲೇ ಇದಕ್ಕಿಂತ ಹೆಚ್ಚು ಹುಟ್ಟುತ್ತದೆ. ಕಾಲೇಜು ಅವಕಾಶ ಬಾಕಿ ಇದ್ದೂ ಹೊರಟ ಕ್ವಾರ್ಟರ್‌ಬ್ಯಾಕ್ ಕ್ವಿನ್ ಯೂವರ್ಸ್ 2025ರಲ್ಲಿ ಏಳನೇ ಸುತ್ತಿನಲ್ಲಿ, 231ನೆಯವರಾಗಿ ಹೋದರು.

ಉಳಿಯುವವರು ವಿಮೆ ಮಾಡಿಸಲಿ. ಇದರಲ್ಲಿ ಎರಡು ಬಗೆ: ಆಟವೇ ನಿಂತರೆ ಕೊಡುವುದು, ಡ್ರಾಫ್ಟ್ ಬೆಲೆ ಕುಸಿದರೆ ಕೊಡುವುದು. 2016ರ ಜನವರಿ 1ರಂದು ಮಂಡಿಗೆ ತೀವ್ರ ಪೆಟ್ಟಾಗಿ 34ನೇ ಸ್ಥಾನಕ್ಕಿಳಿದ ಜೇಲನ್ ಸ್ಮಿತ್ ಬಳಿ ಎರಡನೆಯದೂ ಇತ್ತು. ಆದರೆ ಕುಸಿತಕ್ಕೆ ಗಾಯವೇ ಕಾರಣವೆಂದು ತೋರಿಸಬೇಕು. ಆಟ ಸಪ್ಪೆಯಾಗಿ ಬೆಲೆ ಇಳಿದರೆ ಪಾಲಿಸಿ ಕೈಹಿಡಿಯದು. ಹಳೇ ಗಾಯ ಮುಚ್ಚಿಟ್ಟು ಸಹಿ ಹಾಕಿದ್ದರಂತೂ ಕ್ಲೇಮು ಅಲ್ಲೇ ಸಿಕ್ಕಿಬೀಳುತ್ತದೆ.