ಶೇ 40ಕ್ಕಿಂತ ಕಡಿಮೆ ಅಂದ್ರೆ ಹಕ್ಕೇ ಇಲ್ವಾ?

ಪ್ರಶ್ನೆ: ಮಗಳ ಬಲಗೈ ತೊಂದರೆಗೆ ಶೇ 30 ಅಂಗವೈಕಲ್ಯ ಎಂದು ಸರ್ಟಿಫಿಕೇಟ್ ಕೊಟ್ಟಿದ್ದಾರೆ. ಶೇ 40 ಇಲ್ಲದಿದ್ದರೆ ಪರೀಕ್ಷೆಗೆ ಸ್ಕ್ರೈಬ್ (ಹೇಳಿದ ಉತ್ತರ ಬರೆದುಕೊಡುವವರು) ಸಿಗಲ್ಲವಂತೆ. ಹೌದಾ?

ಅಲ್ಲ. ಎಷ್ಟು ಸಲ ಬರೆದರೂ ಈ ಪ್ರಶ್ನೆ ಬರುತ್ತಲೇ ಇದೆ. ಕೇಳುವವರದೇನೂ ತಪ್ಪಿಲ್ಲ. ಕೌಂಟರಿನಲ್ಲಿ ಕೂತವರೇ ಹಾಗೆ ಹೇಳಿ ವಾಪಸ್ ಕಳಿಸುತ್ತಾರೆ.

ಶೇ 40ರ ಗೆರೆ ಇರುವುದು ನಿಜ. ಆದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಆ ಗೆರೆ ಎಳೆದದ್ದು ಮುಖ್ಯವಾಗಿ ಮೀಸಲಾತಿಗೆ: ಸರ್ಕಾರಿ ನೌಕರಿಯಲ್ಲಿ ಕನಿಷ್ಠ ಶೇ 4, ಉನ್ನತ ಶಿಕ್ಷಣದಲ್ಲಿ ಕನಿಷ್ಠ ಶೇ 5. ಸ್ಕ್ರೈಬ್‌ನಂಥ, ತೊಂದರೆಗೆ ತಕ್ಕ ಅನುಕೂಲ ಕೇಳುವುದಕ್ಕೆ ಅಂಥ ಗೆರೆ ಇಲ್ಲ.

ಆ ಕಾಯ್ದೆಯ ಬೇರು ಇರುವುದು 2006ರ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯಲ್ಲಿ. ಭಾರತ 2007ರಲ್ಲೇ ಅದನ್ನು ಒಪ್ಪಿದೆ. ಅದರ 1ನೇ ವಿಧಿ ಓದಿ ನೋಡಿ, ಶೇಕಡಾ ಲೆಕ್ಕವೇ ಸಿಗುವುದಿಲ್ಲ. ದೀರ್ಘಕಾಲದ ತೊಂದರೆಯೊಂದಿದ್ದು, ಸುತ್ತಲಿನ ಅಡೆತಡೆಗಳೂ ಸೇರಿ ಎಲ್ಲರಂತೆ ಬೆರೆಯಲು ಬಿಡದಿದ್ದರೆ ಸಾಕು. 2ನೇ ವಿಧಿಯಂತೂ ಇನ್ನೂ ಗಟ್ಟಿ. ವಿಪರೀತ ಹೊರೆಯಾಗದ ಅನುಕೂಲವನ್ನೂ ಕೊಡದಿದ್ದರೆ, ಕೊಡದೇ ಇರುವುದೇ ಭೇದಭಾವ.

ಯುಪಿಎಸ್‌ಸಿ ಪರೀಕ್ಷೆಗೆ ಕೂತ ಒಬ್ಬ ಯುವಕನಿಗೆ ರೈಟರ್ಸ್ ಕ್ರ್ಯಾಂಪ್ ಇತ್ತು. ಬರೆಯಲು ಹೊರಟರೆ ಕೈ ಸೆಟೆದುಕೊಳ್ಳುವ ತೊಂದರೆ ಅದು. ಅವರಿಗೂ ಇದೇ ಶೇ 40ರ ಮಾತು ಹೇಳಿ ಸ್ಕ್ರೈಬ್ ನಿರಾಕರಿಸಿದರು. ಸುಪ್ರೀಂ ಕೋರ್ಟ್ 2021ರ ಫೆಬ್ರವರಿ 11ರಂದು ಆ ವಾದವನ್ನು ಪೂರ್ತಿ ತಳ್ಳಿಹಾಕಿತು. ಅದರ ನಂತರ 2022ರ ಆಗಸ್ಟ್‌ನಲ್ಲಿ ಕೇಂದ್ರದ ಮಾರ್ಗಸೂಚಿ ಬಂತು. ಶೇ 40ಕ್ಕಿಂತ ಕಡಿಮೆ ಇದ್ದು ಬರೆಯಲು ಕಷ್ಟವಾಗುವವರಿಗೂ ಸ್ಕ್ರೈಬ್ ಉಂಟು, ಗಂಟೆಗೆ 20 ನಿಮಿಷ ಜಾಸ್ತಿ ಸಮಯವೂ ಉಂಟು. ಬರೆಯಲು ಕಷ್ಟ ಎಂದು ಸರ್ಕಾರಿ ಆಸ್ಪತ್ರೆಯ ವೈದ್ಯರ ತಂಡ ಬರೆದುಕೊಡಬೇಕು, ಅಷ್ಟೇ. ಅದನ್ನು ಮೊದಲೇ ಮಾಡಿಸಿಕೊಳ್ಳಿ. ಪರೀಕ್ಷೆಯ ಹಿಂದಿನ ದಿನ ಓಡಾಡಬೇಡಿ.

ಅಂತರರಾಷ್ಟ್ರೀಯ ಒಡಂಬಡಿಕೆ ಎಂದ ಕೂಡಲೇ ಕೆಲವರಿಗೆ ನೇರ ವಿಶ್ವಸಂಸ್ಥೆಗೇ ದೂರು ಕೊಡೋಣ ಅನ್ನಿಸುತ್ತದೆ. ಅದಕ್ಕೊಂದು ದಾರಿ ಇದೆ. ಒಡಂಬಡಿಕೆಯ ಜೊತೆಗಿರುವ ಐಚ್ಛಿಕ ಪ್ರೋಟೊಕಾಲ್ (ಬೇಕಾದ ದೇಶ ಸೇರಬಹುದಾದ ಪ್ರತ್ಯೇಕ ಒಪ್ಪಂದ) ಒಪ್ಪಿದ ದೇಶಗಳ ಜನ, ತಮ್ಮ ದೇಶದಲ್ಲಿ ಎಲ್ಲ ಬಾಗಿಲು ತಟ್ಟಿದ ಮೇಲೆ, ವಿಶ್ವಸಂಸ್ಥೆಯ ಸಮಿತಿಗೆ ದೂರು ಕೊಡಬಹುದು. ಭಾರತ ಮಾತ್ರ ಅದಕ್ಕೆ ಸೇರಿಲ್ಲ. ಸೇರಲೇಬೇಕು ಎನ್ನುವುದು ನನ್ನ ಅಭಿಪ್ರಾಯ. ಅಲ್ಲಿಯವರೆಗೆ ಇಲ್ಲಿನ ದಾರಿಯೇ ಗತಿ. ಸ್ಕ್ರೈಬ್ ಕೊಡಲ್ಲ ಅಂದರೆ ಅದನ್ನೇ ಬರಹದಲ್ಲಿ ಕೊಡಿ ಎಂದು ಕೇಳಿ. ಆ ಕಾಗದ ಹಿಡಿದು ಅಂಗವಿಕಲರ ರಾಜ್ಯ ಆಯುಕ್ತರ ಕಚೇರಿಗೆ ದೂರು ಕೊಡಿ.